ಗುಂಡಿಯಮ್ಮನ ಹೊಲಿದ ಪುಸ್ತಕ

ಆ ಬೀದಿಯಲ್ಲಿ ಯಾರಾದರೂ ಹೊಸ ಪ್ರೊಸೆಸರ್ ಕೊಂಡು, ಅದಕ್ಕೆ ಯಾವ ಮದರ್‌ಬೋರ್ಡ್ ಹಾಕಿಸಬೇಕೆಂದು ತಲೆ ಕೆರೆದುಕೊಳ್ಳುತ್ತ ನಿಂತರೆ, ದಾರಿಯಲ್ಲಿ ಹೋಗುವವರು ಕೂಡ ಗುಂಡಿ ಅಂಗಡಿಯ ಕಡೆಗೆ ಕೈ ತೋರಿಸುತ್ತಾರೆ. ಹೌದು, ಗುಂಡಿ ಅಂಗಡಿಯೇ. ಅಂಗಿಯ ಗುಂಡಿ, ಜಿಪ್ಪು, ಲೇಸು, ದಾರದ ಉಂಡೆ ಮಾರುವ ಅಂಗಡಿ. ಅದರ ಎಡಭಾಗದಲ್ಲಿ ಒಂದು ಮೇಜು, ಮೇಜಿನ ಹಿಂದೆ ಸ್ಟೂಲು, ಸ್ಟೂಲಿನ ಮೇಲೆ ಗುಂಡಿಯಮ್ಮ. ಅವಳು "ಹೊಂದುತ್ತೆ" ಎಂದರೆ ಕೊಳ್ಳುವವರು ಮತ್ತೊಬ್ಬರನ್ನು ಕೇಳುವುದಿಲ್ಲ. ಹತ್ತನೇ ತರಗತಿ ದಾಟದ ಹೆಂಗಸಿನ ಮಾತಿಗೆ ಇಷ್ಟು ಬೆಲೆ ಹೇಗೆ ಬಂತೆಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಮುರಿಯಲಿ ಬಿಡಿ, ಅವರ ಮೂಗು ಅವರದು.

ಅಂಗಡಿ ಮೊದಲು ಅವಳ ಮಾವನವರದು. ಅವರ ಕಟ್ಟುನಿಟ್ಟು ಒಂದೇ: ಬಟ್ಟೆ ತೋರಿಸದೆ ಗುಂಡಿ ಕೇಳಬಾರದು. ಯಾರಾದರೂ ಬಂದು ಆಕಾಶ ನೀಲಿ ಅಂಗಿಗೆ ನಾಲ್ಕು ಗುಂಡಿ ಕೊಡಿ ಎಂದರೆ, ಯಾವ ಹೊತ್ತಿನ ಆಕಾಶ ಎಂದು ಕೇಳುತ್ತಿದ್ದರು. ಬಂದವರು ಗೊಣಗುತ್ತ ಮನೆಗೆ ಹೋಗಿ ಬಟ್ಟೆ ತರುತ್ತಿದ್ದರು. ತಂದ ಬಟ್ಟೆಯ ಒಂದು ಚೂರನ್ನೂ ಅದಕ್ಕೆ ಕೊಟ್ಟ ಗುಂಡಿಯನ್ನೂ ದಪ್ಪ ರಟ್ಟಿನ ಹಾಳೆಗಳ ಒಂದು ಮಾದರಿ ಪುಸ್ತಕದಲ್ಲಿ ಅಕ್ಕಪಕ್ಕ ಇಟ್ಟು ಪಿನ್ನು ಚುಚ್ಚುತ್ತಿದ್ದರು. ಅಂಗಿ ಹೊಲಿದಾಗಿ, ಯಾರೋ ಅದನ್ನು ತೊಟ್ಟು ಓಡಾಡಿ, ಅದು ಚೆನ್ನಾಗಿದೆಯೆಂದು ತಮ್ಮ ಕಣ್ಣಿಂದ ನೋಡಿದ ಮೇಲೆಯೇ ಪಿನ್ನು ತೆಗೆದು ಸೂಜಿದಾರದಿಂದ ಹೊಲಿಯುತ್ತಿದ್ದರು. ಪಿನ್ನು ಎಂದರೆ ಹೇಳಿದ ಮಾತು, ಹೊಲಿಗೆ ಎಂದರೆ ನೋಡಿದ ಮಾತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುವ ಗಾದೆಯನ್ನು ಬಾಯಲ್ಲಿ ಹೇಳುವವರು ಸಾವಿರ ಮಂದಿ, ಅದನ್ನು ಸೂಜಿಯಲ್ಲಿ ಪೋಣಿಸಿ ಇಟ್ಟವರು ಅವರೊಬ್ಬರೇ. ಮದುವೆಯಾಗಿ ಬಂದ ಎರಡನೇ ವರ್ಷಕ್ಕೆ ಸೊಸೆಯ ಕಣ್ಣು ತಮಗಿಂತ ಚುರುಕೆಂದು ಕಂಡುಕೊಂಡು ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ಗುಂಡಿಯಮ್ಮ ಎಂಬ ಹೆಸರು ಬಿದ್ದದ್ದು ಆಗ. ಅವಳ ನಿಜವಾದ ಹೆಸರು ಹಿಡಿದು ಕರೆಯುವವನು ಗಂಡ ಒಬ್ಬನೇ, ಅದೂ ಕೋಪ ಬಂದಾಗ.

ಆಮೇಲೆ ಕಾಲ ತಿರುಗಿತು. ಸಿದ್ಧ ಉಡುಪು ಬಂತು, ದರ್ಜಿಗಳು ಒಬ್ಬೊಬ್ಬರಾಗಿ ಬಾಗಿಲೆಳೆದರು. ಗಂಡ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದ. ಮಾವನವರು ತೀರಿಕೊಂಡರು. ಅಂಗಡಿಯ ಎಡಭಾಗವನ್ನು ಮೈದುನ ತೆಗೆದುಕೊಂಡು ಕಂಪ್ಯೂಟರ್ ಬಿಡಿಭಾಗ ಇಟ್ಟ.

ಈ ಮೈದುನನನ್ನು ಅವಳು ಅವನ ಐದನೇ ತರಗತಿಯಿಂದ ಬಲ್ಲಳು. ಅವನ ಸ್ಕೂಲು ಅಂಗಿಗೆ ಅವಳು ಹೊಲಿದಷ್ಟು ಗುಂಡಿಯನ್ನು ಯಾವ ಗಿರಾಕಿಯ ಅಂಗಿಗೂ ಹೊಲಿದಿರಲಿಲ್ಲ, ಅಷ್ಟು ಜಗಳಗಂಟ. ಬೆಳೆದ ಮೇಲೆ ಜಗಳ ಬಿಟ್ಟ, ಬಾಯಿ ಬಿಡಲಿಲ್ಲ. ಮನಸ್ಸು ಬೆಣ್ಣೆ, ನಾಲಿಗೆ ಮಾತ್ರ ಕುದುರೆ. ಗಿರಾಕಿ ಪ್ರೊಸೆಸರಿನ ಹೆಸರಿನ ಅರ್ಧ ಹೇಳುವಷ್ಟರಲ್ಲಿ ಇವನು ಒಂದು ಬೋರ್ಡ್ ಕೆಳಗಿಳಿಸಿ, "ಹೊಂದುತ್ತೆ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಎನ್ನುತ್ತಿದ್ದ. ಕಣ್ಣು ಮುಚ್ಚಿಕೊಂಡು ಕೊಂಡವರು ವಾರದೊಳಗೆ ಕಣ್ಣು ಕೆಂಪಗೆ ಮಾಡಿಕೊಂಡು ವಾಪಸ್ ಬರುತ್ತಿದ್ದರು. ಆಗ ಇವನು ಬೋರ್ಡ್ ತಯಾರಿಸಿದವರನ್ನು ಬೈಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗುಂಡಿಯಮ್ಮ ತನ್ನೊಳಗೇ ಅಂದುಕೊಂಡು ಜಿಪ್ಪು ಅಳೆಯುತ್ತಿದ್ದಳು.

ಆದರೆ ಅವಳ ಕಣ್ಣು ಸುಮ್ಮನಿರಲಿಲ್ಲ. ವಾಪಸ್ ಬಂದ ಪ್ರತಿ ಬೋರ್ಡೂ ಯಾಕೆ ಬಂತೆಂದು ಕೇಳಿ ತಿಳಿದುಕೊಳ್ಳತೊಡಗಿದಳು. ಒಂದಕ್ಕೆ ಪ್ರೊಸೆಸರ್ ಕೂರುವ ಸಾಕೆಟ್ಟೇ ಬೇರೆ. ಇನ್ನೊಂದರಲ್ಲಿ ಪ್ರೊಸೆಸರ್ ಕೂತಿತು, ಗಿರಾಕಿಯ ಬಳಿಯಿದ್ದ ರ‍್ಯಾಮ್ ಕೂರಲಿಲ್ಲ. ಮತ್ತೊಂದು ಎಲ್ಲದಕ್ಕೂ ಸರಿ, ಆದರೆ ಮನೆಯಲ್ಲಿದ್ದ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ, ಅಂದರೆ ಹೊರ ಡಬ್ಬಿಗೆ, ಎರಡು ಬೆರಳು ಅಗಲ ಹೆಚ್ಚು. ಇದೇನು, ಬಟ್ಟೆ ನೋಡದೆ ಗುಂಡಿ ಕೊಟ್ಟ ಕಥೆಯೇ ಅಲ್ಲವೇ ಎಂದು ಅವಳಿಗೆ ಅನ್ನಿಸಿತು. ಮಾವನವರ ಪುಸ್ತಕದಲ್ಲಿ ಹಿಂದಿನ ಅರ್ಧ ಖಾಲಿಯಿತ್ತು. ಪೆಟ್ಟಿಗೆಗಳ ಒಳಮಡಿಕೆಯಿಂದ ಒಂದೊಂದು ಚೂರು ಕತ್ತರಿಸಿ, ಒಂದರ ಮೇಲೆ ಪ್ರೊಸೆಸರಿನ ಹೆಸರು, ಇನ್ನೊಂದರ ಮೇಲೆ ಬೋರ್ಡಿನ ಹೆಸರು ಬರೆದು, ಅಕ್ಕಪಕ್ಕ ಪಿನ್ನು ಚುಚ್ಚಿದಳು. ಕಂಪ್ಯೂಟರ್ ಓಡಿದ್ದನ್ನು ಕಣ್ಣಾರೆ ಕಂಡಾಗ ಪಿನ್ನು ತೆಗೆದು ಹೊಲಿದಳು. ಮೈದುನ ನೋಡಿ ನಕ್ಕ. ಅತ್ತಿಗೆ ಪ್ರೊಸೆಸರಿಗೂ ಕಾಜಾ ಮಾಡ್ತಾರೆ ಎಂದು ಬಂದವರಿಗೆಲ್ಲ ಹೇಳಿ ನಗಿಸಿದ. ಅವಳೂ ನಕ್ಕಳು, ಹೊಲಿಯುವುದನ್ನು ಬಿಡಲಿಲ್ಲ.

ಹೊಲಿಗೆ ತಪ್ಪಿದ್ದೂ ಉಂಟು. ಒಮ್ಮೆ ಬ್ಯಾಂಕಿನ ಗುಮಾಸ್ತೆಯೊಬ್ಬಳ ಕಂಪ್ಯೂಟರಿಗೆ ಹಾಕಿದ ಬೋರ್ಡ್ ಮೊದಲ ದಿನ ಓಡಿತು, ಇವಳು ಹೊಲಿದಳು. ಮರುವಾರ ಆಕೆ ಹೊಸ ರ‍್ಯಾಮ್ ಕೊಂಡು ತಂದು ಹಾಕಿಸಿದರೆ ತೆರೆ ಕಪ್ಪಗೆ ಕೂತಿತು. ಮೈದುನ ಮೂರು ಸಲ ಆಫ್ ಮಾಡಿ ಆನ್ ಮಾಡಿ, ಬೋರ್ಡ್ ಸತ್ತಿದೆ ಎಂದು ತೀರ್ಪು ಕೊಟ್ಟ. ಗುಂಡಿಯಮ್ಮನೂ ನಂಬಿ, ಮನಸ್ಸು ಹಿಂಡಿದಂತಾಗಿ, ಹೊಲಿಗೆ ಬಿಚ್ಚಿದಳು. ಬೋರ್ಡನ್ನು ಸಗಟು ವ್ಯಾಪಾರಿಗೆ ಕಳಿಸಿದರೆ ಅಲ್ಲಿಂದ ಅದು ಒಂದು ಚೀಟಿಯ ಜೊತೆ ವಾಪಸ್ ಬಂತು. ಬೋರ್ಡಿಗೆ ಏನೂ ಆಗಿಲ್ಲ, ಈ ಹೊಸ ಬಗೆಯ ರ‍್ಯಾಮನ್ನು ಬೋರ್ಡ್ ಮೊದಲ ಸಲ ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ತೆರೆ ಕಪ್ಪಗೇ ಇರುತ್ತದೆ, ದಯವಿಟ್ಟು ಕಾಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿದರೇ! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಬಿಚ್ಚಿದ ತೂತುಗಳಲ್ಲೇ ಮತ್ತೆ ಹೊಲಿದು, ಪಕ್ಕದಲ್ಲಿ 'ಕಾಯಬೇಕು' ಎಂದು ಬರೆದಿಟ್ಟಳು. ಬೀದಿಯ ಅರ್ಧಕ್ಕರ್ಧ ಮೆಕ್ಯಾನಿಕ್ಕುಗಳಿಗೆ ಆ ಒಂದು ಪದ ಬರೆದು ಹಣೆಗೆ ಅಂಟಿಸಬೇಕು, ಆದರೆ ಯಾರು ಕೇಳುತ್ತಾರೆ.

ಹೀಗೆ ಆರು ವರ್ಷ ನಡೆಯಿತು. ಪುಸ್ತಕ ದಪ್ಪವಾಯಿತು, ಆದರೆ ಹೊಂದುತ್ತದೋ ಇಲ್ಲವೋ ಎಂದು ಹೇಳುವ ಬಾಯಿ ಮೈದುನನದೇ ಆಗಿತ್ತು. ಆ ಮಾತನ್ನು ಒಮ್ಮೆ ತಾನು ಹೇಳಬೇಕು, ಆ ಸ್ಟೂಲಿನ ಮೇಲೆ ಕೂತು ಹೇಳಬೇಕು ಎಂಬ ಆಸೆ ಗುಂಡಿಯಮ್ಮನಿಗೆ ಇರಲಿಲ್ಲ ಎಂದರೆ ಸುಳ್ಳಾದೀತು. ತುಂಬ ಇತ್ತು.

ಅಷ್ಟರಲ್ಲಿ ಮೈದುನ ಏಣಿಯಿಂದ ಬಿದ್ದ. ಅಂಗಡಿಯ ನಾಮಫಲಕದ ಬಲ್ಬ್ ಬದಲಿಸಲು ಹೋಗಿ ಕಾಲು ಮುರಿದುಕೊಂಡ. ಒಂದೂವರೆ ತಿಂಗಳು ಮಂಚದ ಮೇಲೆ ಎಂದು ಡಾಕ್ಟರು ಹೇಳಿದರು. ಮಂಚದಿಂದಲೇ ಅಪ್ಪಣೆ ಬಂತು: ಕೇಬಲ್ಲು, ಮೌಸು, ಕೀಬೋರ್ಡು ಮಾರಿ ಸಾಕು, ನಾನು ಬರುವವರೆಗೆ ಜೋಡಿಸುವ ಕೆಲಸ ಬೇಡ. ಎರಡು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ. ಮೊಬೈಲ್ ಕವರ್ ಮಾರುವವನೊಬ್ಬ ಎಡಭಾಗವನ್ನು ತನಗೆ ಬಿಟ್ಟುಕೊಡಿ ಎಂದು ಬೆನ್ನುಬಿದ್ದಿದ್ದ. ವಾಪಸ್ ಬರುವ ಬೋರ್ಡುಗಳಿಂದ ಬೇಸತ್ತ ಮೈದುನ ಹೂಂ ಎನ್ನುವ ಹಂತಕ್ಕೆ ಬಂದಿದ್ದ. ಮೇಜು ಹೋದರೆ ತನ್ನ ಪುಸ್ತಕ ಮತ್ತೆ ಬರೀ ಗುಂಡಿಯ ಪುಸ್ತಕ ಆಗುತ್ತದೆ ಎಂದು ಅವಳಿಗೆ ಗೊತ್ತಾಯಿತು. ಆ ರಾತ್ರಿ ಊಟ ಸೇರಲಿಲ್ಲ. ಗಂಡ ಯಾಕೆಂದು ಕೇಳಿದ, ಹೇಳಿದಳು. ಅವನು ಕೈ ತೊಳೆದು ಬಂದು, ಕತ್ತರಿ ಹಿಡಿಯುವವನಿಗೆ ಅಳತೆ ಗೊತ್ತಿದ್ದರೆ ಸಾಲದು, ಕತ್ತರಿಸಬೇಕು ಎಂದಷ್ಟೇ ಹೇಳಿ ಮಲಗಿದ.

ಗುರುವಾರ ಬೆಳಿಗ್ಗೆ ವಾರಪತ್ರಿಕೆಯ ಯಜಮಾನರು ಬಂದರು. ಎರಡು ಬೀದಿ ಆಚೆ ಅವರ ಪ್ರೆಸ್ಸು. ಪುಟ ಜೋಡಿಸುವ ಕಂಪ್ಯೂಟರಿನ ಬೋರ್ಡ್ ಸುಟ್ಟುಹೋಗಿತ್ತು. ಹೇಗೂ ಹಳೆಯದಾಯಿತೆಂದು ಈಗಷ್ಟೇ ಮಾರುಕಟ್ಟೆಗೆ ಬಂದ ಪ್ರೊಸೆಸರ್ ಒಂದನ್ನು ಕೊಂಡು, ಬೋರ್ಡ್ ಇಲ್ಲಿ ಸಿಗುತ್ತದೆಂದು ಬಂದಿದ್ದರು. ಶುಕ್ರವಾರ ಸಂಜೆಯೊಳಗೆ ಪುಟಗಳು ಅಚ್ಚಿಗೆ ಹೋಗಬೇಕು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಂಚಿಕೆಯೂ ತಪ್ಪಿಲ್ಲ ಎಂದರು.

ಗುಂಡಿಯಮ್ಮ ಮೈದುನನಿಗೆ ಫೋನ್ ಮಾಡಿದಳು. ಅವನು ಪ್ರೊಸೆಸರಿನ ಹೆಸರು ಕೇಳಿದವನೇ ಮೇಲಿನ ಸಾಲಿನ ಕೆಂಪು ಪೆಟ್ಟಿಗೆ ಕೊಟ್ಟುಬಿಡಿ, ಸಾಕೆಟ್ ಒಂದೇ, ಯಾವುದಾದರೂ ಮೆಕ್ಯಾನಿಕ್ ಕೈಲಿ ಜೋಡಿಸಿಕೊಳ್ಳಲಿ ಎಂದ.

"ಒಂದೇ ಅಳತೆ ಕಾಜಾಕ್ಕೆ ಹತ್ತು ಥರದ ಗುಂಡಿ ಹೋಗುತ್ತೆ ಕಣೋ" ಎಂದಳು ಗುಂಡಿಯಮ್ಮ. "ಹೋದ ಮೇಲೆ ನಿಲ್ಲಬೇಕಲ್ಲ. ನಾನೇ ನೋಡಿ ಕೊಡ್ತೀನಿ, ನಾನೇ ಜೋಡಿಸ್ತೀನಿ."

ಮೈದುನ ಮೆತ್ತಗೆ ಹೇಳಿದ: "ಅತ್ತಿಗೆ, ಇದೊಂದು ವಾಪಸ್ ಬಂದ್ರೆ ನಾನು ಕವರ್‌ನವನಿಗೆ ಹೂಂ ಅಂದ್ಬಿಡ್ತೀನಿ. ಆಮೇಲೆ ನೀವು ಬೇಜಾರು ಮಾಡ್ಕೋಬಾರದು."

ಸರಿ ಎಂದು ಫೋನಿಟ್ಟಳು. ಮೊದಲು ಮಾಡಿದ ಕೆಲಸವೆಂದರೆ ಯಜಮಾನರನ್ನು ವಾಪಸ್ ಕಳಿಸಿದ್ದು. ಹಳೆಯ ಕಂಪ್ಯೂಟರನ್ನು ಇದ್ದ ಹಾಗೇ ಹೊತ್ತು ತನ್ನಿ ಎಂದಳು. ಹೆಸರೆಲ್ಲ ಬರೆದುಕೊಂಡು ಬಂದಿದ್ದೇನಲ್ಲಮ್ಮ ಎಂದು ಅವರು ಚೀಟಿ ತೋರಿಸಿದರು. ಚೀಟಿಗೆ ಗುಂಡಿ ಹಚ್ಚೋಕಾಗಲ್ಲ ಯಜಮಾನ್ರೇ ಎಂದಳು. ಗೊಣಗುತ್ತ ಹೋದರು, ಅರ್ಧ ಗಂಟೆಯಲ್ಲಿ ಪ್ರೆಸ್ಸಿನ ಕೈಗಾಡಿಯಲ್ಲಿ ಕ್ಯಾಬಿನೆಟ್ ಇಟ್ಟುಕೊಂಡು ಬಂದರು.

ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು. ಕ್ಯಾಬಿನೆಟ್ ಸಣ್ಣದು, ಅಂಗಡಿಯಲ್ಲಿದ್ದ ಬಣ್ಣದ ದೀಪಗಳ ದೊಡ್ಡ ಬೋರ್ಡ್ ಅದರೊಳಗೆ ಕೂರುವಂತಿರಲಿಲ್ಲ. ಹಳೆಯ ರ‍್ಯಾಮಿನ ಕಚ್ಚು ಬೇರೆ ಜಾಗದಲ್ಲಿತ್ತು, ಅದು ಹೊಸ ಬೋರ್ಡಿಗೆ ಬರುವುದಿಲ್ಲ, ಹೊಸದೇ ಬೇಕು. ಉಳಿದದ್ದು ಎರಡು ಬೋರ್ಡು: ಮೈದುನ ಹೇಳಿದ ಕೆಂಪು ಪೆಟ್ಟಿಗೆಯದು, ಮತ್ತೆ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದು ಸಾದಾ ಬೋರ್ಡು. ದೀಪವಿಲ್ಲ, ಬಣ್ಣವಿಲ್ಲ ಎಂದು ಅದನ್ನು ಮೈದುನ ಯಾರಿಗೂ ತೋರಿಸಿರಲಿಲ್ಲ. ಎರಡರ ಸಾಕೆಟ್ಟೂ ಈ ಪ್ರೊಸೆಸರಿಗೆ ಸರಿ.

ಅವಳು ಬೋರ್ಡ್ ತಯಾರಿಸುವವರ ಪಟ್ಟಿಯನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು, ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು. ಪ್ರತಿ ಪ್ರೊಸೆಸರಿನ ಮುಂದೆ ಒಂದು ಅಂಕಿ ಇರುತ್ತದೆ. ಬೋರ್ಡಿನೊಳಗೆ ಬಯಾಸ್ ಎಂಬ ಸಣ್ಣ ತಂತ್ರಾಂಶ ಇರುತ್ತದಲ್ಲ, ಅದು ಆ ಅಂಕಿಗಿಂತ ಹಳೆಯದಾಗಿದ್ದರೆ ಬೋರ್ಡಿಗೆ ಆ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ಪೆಟ್ಟಿಗೆಗಳ ಮೇಲಿನ ಚೀಟಿ ನೋಡಿದರೆ ಎರಡರದೂ ಹಳೆಯದು. ಪ್ರೊಸೆಸರ್ ಹುಟ್ಟುವ ಮೊದಲೇ ಎರಡೂ ಅಂಗಡಿಗೆ ಬಂದು ಕೂತಿದ್ದವು. ಕೆಂಪು ಪೆಟ್ಟಿಗೆಯದನ್ನು ಹೊಸದಾಗಿಸಬೇಕಾದರೆ ಅದೇ ಸಾಕೆಟ್ಟಿನ ಹಳೆಯ ಪ್ರೊಸೆಸರ್ ಒಂದನ್ನು ಕೂರಿಸಿ ಆನ್ ಮಾಡಬೇಕು, ಅದು ಅವಳ ಹತ್ತಿರ ಇರಲಿಲ್ಲ. ಸಾದಾ ಬೋರ್ಡಿನ ಹಿಂಬದಿಯಲ್ಲಿ ಒಂದು ಪುಟ್ಟ ಬಟನ್ ಇತ್ತು. ಪ್ರೊಸೆಸರ್ ಇಲ್ಲದೆಯೇ, ಪೆನ್‌ಡ್ರೈವ್ ಚುಚ್ಚಿ ಆ ಬಟನ್ ಒತ್ತಿ ಹಿಡಿದರೆ ಬೋರ್ಡ್ ತನ್ನಷ್ಟಕ್ಕೆ ತಾನೇ ಹೊಸ ಬಯಾಸ್ ಬರೆದುಕೊಳ್ಳುತ್ತದೆ.

"ಇದು ಹೊಂದುತ್ತೆ" ಎಂದಳು ಗುಂಡಿಯಮ್ಮ, ಧೂಳು ಒರೆಸಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು.

ಆರು ವರ್ಷ ಹೊಟ್ಟೆಯೊಳಗಿದ್ದ ಮಾತು. ಹೇಳಿದ ಮೇಲೆ ತಾನೇ ಹೇಳಿದೆನೇ ಎಂದು ಅವಳಿಗೇ ಆಶ್ಚರ್ಯವಾಯಿತು. ಯಜಮಾನರಿಗೇನು ಗೊತ್ತು, ಅವರು ಗಡಿಯಾರ ನೋಡುತ್ತಿದ್ದರು.

ಬಯಾಸ್ ಇಳಿಸಿಕೊಂಡು, ಪೆನ್‌ಡ್ರೈವಿಗೆ ಹಾಕಿ, ಬಟನ್ ಒತ್ತಿ ಹಿಡಿದಳು. ಸಣ್ಣ ದೀಪ ಮಿಟುಕಿತು, ಮಿಟುಕುತ್ತಲೇ ಇತ್ತು, ಏಳು ನಿಮಿಷಕ್ಕೆ ಆರಿತು. ಪ್ರೊಸೆಸರನ್ನು ಮೂಲೆಯ ಗುರುತು ನೋಡಿ ಕೂರಿಸಿದಳು. ಒತ್ತಲಿಲ್ಲ, ಬರೀ ಇಟ್ಟಳು. ರೇಷ್ಮೆ ಅಂಗಿಗೆ ಮುತ್ತಿನ ಗುಂಡಿ ಇಡುವಾಗಿನ ಕೈ ಅದು. ಶಾಖ ಎಳೆಯುವ ಪೇಸ್ಟ್ ಹಚ್ಚಿ ಫ್ಯಾನು ಕೂರಿಸಿ, ಹೊಸ ರ‍್ಯಾಮ್ ಹಾಕಿ, ತಂತಿಗಳನ್ನೆಲ್ಲ ಚುಚ್ಚಿ ಆನ್ ಮಾಡಿದಳು. ಫ್ಯಾನು ತಿರುಗಿತು. ತೆರೆ ಕಪ್ಪಗಿತ್ತು.

ಒಂದು ನಿಮಿಷ ಆಯಿತು. ಮೈದುನ ತಾಳಲಾರದೆ ತಾನೇ ಫೋನ್ ಮಾಡಿದ. ಅವಳು ಸ್ಪೀಕರಿಗೆ ಹಾಕಿದಳು, ಬಂತಾ ಎಂದು ಕೇಳಿದ. ಇಲ್ಲ ಎಂದಳು. ಎರಡು ನಿಮಿಷ. ಆಫ್ ಮಾಡಿ ಅತ್ತಿಗೆ, ಬೋರ್ಡ್ ಸತ್ತಿದೆ, ಪ್ರೊಸೆಸರನ್ನೂ ಸುಟ್ಟುಕೊಂಡೀರಿ ಎಂದು ಅವನು ಕೂಗಾಡತೊಡಗಿದ. ಸ್ಪೀಕರಿನಲ್ಲಿ ಬಂದ ಆ ಮಾತು ಕೇಳಿ ಯಜಮಾನರ ಮುಖ ಸುಣ್ಣದಂತಾಯಿತು, ಕೈ ಸ್ವಿಚ್ಚಿನ ಕಡೆಗೆ ಹೋಯಿತು.

"ಕೈ ತೆಗೀರಿ" ಎಂದಳು ಗುಂಡಿಯಮ್ಮ. ಅವರು ತೆಗೆದರು.

ಹೆದರಿಕೆ ಇರಲಿಲ್ಲವೇ? ಇತ್ತು. ಆದರೆ ಅವಳು ಪುಸ್ತಕ ತೆರೆದು, ಬ್ಯಾಂಕಿನ ಗುಮಾಸ್ತೆಯ ಹಾಳೆ ತೆಗೆದು, ಒಂದೇ ತೂತಿನಲ್ಲಿ ಎರಡು ಸಲ ಹೊಲಿದ ಆ ದಾರದ ಮೇಲೆ ಬೆರಳಿಟ್ಟುಕೊಂಡು ಕೂತಳು. ಪಕ್ಕದಲ್ಲಿ ತಾನೇ ಬರೆದ ಪದವನ್ನು ಮತ್ತೆ ಓದಿದಳು. ಮೂರು ನಿಮಿಷ. ಗುಂಡಿ ಕೊಳ್ಳಲು ಬಂದ ಹೆಂಗಸೊಬ್ಬಳು ವಾತಾವರಣ ನೋಡಿ ಆಮೇಲೆ ಬರುತ್ತೇನೆಂದು ಹೋದಳು. ನಾಲ್ಕನೇ ನಿಮಿಷ ದಾಟುತ್ತಿದ್ದಂತೆ ತೆರೆ ಬೆಳಗಿತು. ಮೇಲೆ ಬೋರ್ಡಿನ ಹೆಸರು, ಅದರ ಕೆಳಗೆ ಪ್ರೊಸೆಸರಿನ ಪೂರ್ತಿ ಹೆಸರು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ.

ಯಜಮಾನರು ಉಸ್ಸೆಂದು ಕುರ್ಚಿಯಲ್ಲಿ ಕುಸಿದರು. ಫೋನಿನ ಆ ಕಡೆ ಮೈದುನ ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದ. ಗುರುತು ಹಿಡೀತು ಎಂದಷ್ಟೇ ಹೇಳಿದಳು. ಅವಳು ಹೊಲಿಯಲಿಲ್ಲ, ಪಿನ್ನು ಮಾತ್ರ ಚುಚ್ಚಿದಳು. ಶನಿವಾರ ಬೆಳಿಗ್ಗೆ ಯಜಮಾನರು ತಾವೇ ಬಂದು ಶಾಯಿಯ ವಾಸನೆ ಆರದ ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. ಎಲ್ಲ ಪುಟ ತಿರುವಿ ನೋಡಿ, ಆಮೇಲೆ ಪಿನ್ನು ತೆಗೆದು, ಸೂಜಿಗೆ ದಾರ ಪೋಣಿಸಿದಳು.

ಅದೃಷ್ಟ, ಒಂದು ಸಲ ಬಂತು, ಮುಂದಿನ ಸಲ ಬರಬೇಕಲ್ಲ ಎಂದ ಮೈದುನ. ಕವರಿನವನಿಗೆ ಬೇಡವೆಂದು ಹೇಳಿರಲಿಲ್ಲ. ಆದರೂ ಜೋಡಿಸುವ ಕೆಲಸ ಬೇಡ ಎಂಬ ಅಪ್ಪಣೆಯನ್ನು ಮತ್ತೆ ಎತ್ತಲಿಲ್ಲ. ಇನ್ನೂ ಮೂರು ವಾರ ಕಳೆದು, ಊರುಗೋಲು ಹಿಡಿದು ಅವನು ಅಂಗಡಿಗೆ ಬಂದ ದಿನವೇ ಕವರಿನವನೂ ಅಳತೆ ಪಟ್ಟಿ ಹಿಡಿದು ಬಂದು ನಿಂತ. ಗುಂಡಿಯಮ್ಮ ಸ್ಟೂಲು ಬಿಟ್ಟು ಎದ್ದು, ಬಲಭಾಗಕ್ಕೆ ಹೋಗಿ ಜಿಪ್ಪುಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದಳು. ಆ ಜಿಪ್ಪುಗಳು ಆಗಲೇ ಬಣ್ಣದ ಪ್ರಕಾರ ಇದ್ದವು.

ಕವರಿನವನು ಗೋಡೆ ಅಳೆಯುವಾಗ ಮೈದುನ ಸ್ಟೂಲಿನ ಮೇಲೆ ಕೂತು, ಮಾಡಲು ಬೇರೆ ಕೆಲಸವಿಲ್ಲದೆ ಪುಸ್ತಕ ತೆರೆದ. ಆರು ವರ್ಷ ನಕ್ಕಿದ್ದ, ಒಮ್ಮೆಯೂ ತೆರೆದಿರಲಿಲ್ಲ. ಹಾಳೆ ಹಾಳೆಗೂ ಎರಡೆರಡು ಚೂರು, ಸಾಲು ಹೊಲಿಗೆ. ಅವನು ಮನೆಯಲ್ಲಿದ್ದ ದಿನಗಳಲ್ಲೇ ಹನ್ನೊಂದು ಜೋಡಿ, ಹನ್ನೊಂದೂ ಹೊಲಿದದ್ದು, ಒಂದೂ ವಾಪಸ್ ಬಂದಿರಲಿಲ್ಲ. ನಡುನಡುವೆ ಪಿನ್ನು ಚುಚ್ಚಿದ್ದು ಸಿಗುತ್ತಿತ್ತು, ಅವುಗಳ ಪಕ್ಕದಲ್ಲೆಲ್ಲ ಒಂದೇ ಬರಹ: 'ಮೈದುನ ಹೇಳಿದ್ದು'. ತುಕ್ಕು ಹಿಡಿದ ಪಿನ್ನುಗಳು, ಹೊಸ ಪಿನ್ನುಗಳು. ಎಣಿಸಿದ. ನಲವತ್ತಮೂರು. ಅವನ ಕಿವಿ ಕೆಂಪಾಯಿತು.

"ನನ್ನ ಮಾತಿಗೆಲ್ಲ ಬರೀ ಪಿನ್ನೇನಾ ಅತ್ತಿಗೆ?" ಎಂದ. ದನಿಯಲ್ಲಿ ಸಿಟ್ಟೂ ಇತ್ತು, ಐದನೇ ತರಗತಿಯ ನೋವೂ ಇತ್ತು.

ಗುಂಡಿಯಮ್ಮನಿಗೆ ಕರುಳು ಚುರುಕ್ ಎಂದಿತು. ಆದರೆ ಸುಳ್ಳು ಹೇಳಲಿಲ್ಲ. "ಪಿನ್ನು ಅಂದ್ರೆ ತಪ್ಪು ಅಂತಲ್ಲ ಕಣೋ. ಇನ್ನೂ ನೋಡಿಲ್ಲ ಅಂತ. ಕಿತ್ತು ಬಿಸಾಕಿದೀನಾ ನೋಡು, ಒಂದನ್ನಾದ್ರೂ?"

ಅವನು ನೋಡಿದ. ಒಂದನ್ನೂ ಕಿತ್ತಿರಲಿಲ್ಲ. ಆರು ವರ್ಷದ ಹಿಂದಿನದೂ ಹೊಲಿಗೆಗೆ ಕಾಯುತ್ತ ಹಾಗೇ ಇತ್ತು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಅಭ್ಯಾಸದಂತೆ ಮೈದುನನೇ ಎತ್ತಿದ. ಯಾರೋ ಗಿರಾಕಿ, ಹೊಸ ಪ್ರೊಸೆಸರ್ ಕೊಂಡಿದ್ದಾರೆ, ಇಂಥ ಬೋರ್ಡ್ ಇದೆಯಂತೆ, ಹೊಂದುತ್ತದೆಯೇ ಎಂದು ಕೇಳುತ್ತಿದ್ದರು. ಮೈದುನನ ಬಾಯಿ ತೆರೆಯಿತು. ಕವರಿನವನು ಅಳತೆ ಪಟ್ಟಿ ಹಿಡಿದು ಅವನನ್ನೇ ನೋಡುತ್ತಿದ್ದ, ಗುಂಡಿಯಮ್ಮ ಜಿಪ್ಪಿನ ಡಬ್ಬಿಯನ್ನು ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿತು. ಅವನು ಕವರಿನವನಿಗೆ ಪಟ್ಟಿ ಸುತ್ತಿಕೋ ಎಂದು ಕೈಸನ್ನೆ ಮಾಡಿ, ಊರುಗೋಲು ಊರಿ ಸ್ಟೂಲಿನಿಂದ ಕಷ್ಟಪಟ್ಟು ಎದ್ದು ನಿಂತ.

"ಒಂದ್ನಿಮಿಷ ಇರಿ, ನಮ್ಮತ್ತಿಗೆಗೆ ಕೊಡ್ತೀನಿ" ಎಂದ ಫೋನಿಗೆ. "ನಾನು ಹೇಳಿದ್ರೆ ಅದು ಪಿನ್ನು."

ಗುಂಡಿಯಮ್ಮ ಜಿಪ್ಪಿನ ಡಬ್ಬಿ ಮುಚ್ಚಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಡಭಾಗಕ್ಕೆ ಬಂದು ಸ್ಟೂಲಿನ ಮೇಲೆ ಕೂತಳು. ಫೋನ್ ತೆಗೆದುಕೊಂಡು, ಹೆಸರು ಹೇಳಬೇಡಿ, ಪ್ರೊಸೆಸರನ್ನೇ ತಗೊಂಡು ಬನ್ನಿ, ನೋಡಿ ಹೇಳ್ತೀನಿ ಎಂದಳು.